ಅಕ್ಕಿ ಅಕ್ಕಿ ತಿಂತಾವ

ನಮ್ಮಜ್ಜಿ ಅಕ್ಕಿ ತೊಳೆದು, ಅಂಗಳದಲ್ಲಿ ಹಳೇ ಪಂಚೆ ಹಾಸಿ ಒಣಗೋಕೆ ಹರಡಿದರೆ ಅದನ್ನು ಕಾಯುವ ಕೆಲಸ ನನ್ನದು. ಕಾಯ್ತಾ ಕಾಯ್ತಾ ನಾನು ಗೋಲಿ ಆಡೋಕೆ ಜಾರಿಕೊಳ್ಳುತ್ತಿದ್ದೆ. ಒಳಗಿಂದ ಅಜ್ಜಿಯ ಕೂಗು ಬರೋದು: 'ಲೋ ಮೊಗ, ಅಕ್ಕಿ ಅಕ್ಕಿ ತಿಂತಾವ, ಓಡ್ಸ್ಲಾ!' ನಾನು ಓಡಿಬಂದು ಹಕ್ಕಿಗಳನ್ನು ಓಡಿಸುತ್ತಿದ್ದೆ. ಯಾವ ಅಕ್ಕಿಯನ್ನು ಓಡಿಸಬೇಕು ಅನ್ನೋ ಅನುಮಾನ ಒಂದು ದಿನವೂ ಬಂದದ್ದಿಲ್ಲ. ಸಂಜೆ ಅದೇ ಅಜ್ಜಿ 'ಅಕ್ಕಿ ಆರೋಯ್ತಾ ನೋಡು' ಅಂದರೆ ಆಕಾಶ ನೋಡದೆ ಬಗ್ಗಿ ಕಾಳು ಮುಟ್ಟಿ ನೋಡುತ್ತಿದ್ದೆ.

ಇದು ಚಂದಕವಾಡಿಯ ಮಾತು. ಚಾಮರಾಜನಗರ ತಾಲ್ಲೂಕಿನ ಹೋಬಳಿ ಊರು ನಮ್ಮದು. ಪಹಣಿಯಲ್ಲಿ, ಶಾಲೆ ಪುಸ್ತಕದಲ್ಲಿ, ಅಂಗಡಿ ಬೋರ್ಡುಗಳಲ್ಲಿ 'ಹ' ಅನ್ನೋ ಅಕ್ಷರ ಬೇಕಾದಷ್ಟಿದೆ, ಬಾಯಲ್ಲಿ ಮಾತ್ರ ಇಲ್ಲ. ನಮ್ಮದೇ ತಾಲ್ಲೂಕಿನ ಇನ್ನೆರಡು ಹೋಬಳಿಗಳು ಹರವೆ ಮತ್ತು ಹರದನಹಳ್ಳಿ. ಬಸ್ಸಿನ ಹಣೆಯ ಮೇಲೆ ಹಾಗೇ ಬರೆದಿರುತ್ತೆ, ಬಾಗಿಲಲ್ಲಿ ನಿಂತವನು 'ಅರವೆ ಅರವೆ', 'ಅರದ್ನಳ್ಳಿ' ಅಂತ ಕೂಗ್ತಾನೆ. ಓದಿ ಹತ್ತುವವರೂ ಕೇಳಿ ಹತ್ತುವವರೂ ಒಂದೇ ಬಸ್ಸು ಹತ್ತುತ್ತಾರೆ. ಹ ಬೀಳೋದು ನಮ್ಮಲ್ಲಿ ಮಾತ್ರ ಅಲ್ಲ, ಮೈಸೂರು ಮಂಡ್ಯ ಕಡೆ ಹಳ್ಳಿಗಳಲ್ಲೂ ಬೀಳುತ್ತೆ. ಆದರೆ ನಾನು ಚೆನ್ನಾಗಿ ಬಲ್ಲದ್ದು ನಮ್ಮೂರ ಬಾಯನ್ನು.

ಹ ಬಿದ್ದಾಗ ಅದರ ಹೊರೆ ಹೊರೋದು ಪಕ್ಕದಲ್ಲಿದ್ದ ಸ್ವರ. ಅದರಲ್ಲೂ ಅ. ಈ ಅ ಪಾಪ, ಮೊದಲೇ ಬಿಡುವಿಲ್ಲದ ಅಕ್ಷರ. ಅವನು, ಅಲ್ಲಿ, ಅತ್ತ ಅಂದರೆ ದೂರ ತೋರಿಸೋ ಬೆರಳು. ಅನ್ಯಾಯ, ಅಧರ್ಮ ಅಂದರೆ ಸಂಸ್ಕೃತದಿಂದ ಬಂದ 'ಅಲ್ಲ'. 'ಮರದ ಕೊಂಬೆ' ಅಂದಾಗ ಮರಕ್ಕೂ ಕೊಂಬೆಗೂ ಗಂಟು ಹಾಕಿರೋದು ಕೊನೆಯ ಅ, ವ್ಯಾಕರಣದ ಪುಸ್ತಕ ಅದನ್ನು ಷಷ್ಠಿ ಅನ್ನುತ್ತೆ. 'ಬಂದ ಮಳೆ' ಅಂದಾಗ ಬರೋ ಕ್ರಿಯೆಯನ್ನು ಕೈಹಿಡಿದು ತಂದು ಮಳೆಯ ಮುಂದೆ ನಿಲ್ಲಿಸಿದ್ದೂ ಅದೇ. 'ಅವನು ಕೊಡ' ಅಂದರೆ ಕೊಡೋದಿಲ್ಲ ಅಂತ. ಬರವಣಿಗೆಯಲ್ಲಂತೂ ಪ್ರತಿ ವ್ಯಂಜನದ ನೆತ್ತಿಯ ಮೇಲೆ ತಲಕಟ್ಟಾಗಿ ಕೂತಿರೋದೂ ಅ ತಾನೇ. ಗೀತೆಯಲ್ಲಿ ಕೃಷ್ಣ ಅಕ್ಷರಗಳಲ್ಲಿ ತಾನು ಅಕಾರ ಅಂದುಕೊಂಡ. ತಿರುವಳ್ಳುವರ್ ತಿರುಕ್ಕುರಳಿನ ಮೊದಲ ಪದ್ಯದಲ್ಲೇ ಅಕಾರವನ್ನು ದೇವರ ಪಕ್ಕ ಕೂರಿಸಿದರು. ಚಂದಕವಾಡಿಯವರು ಅಷ್ಟಕ್ಕೂ ಬಿಡದೆ ಅದರ ತಲೆಮೇಲೆ ಇನ್ನೊಂದು ಮೂಟೆ ಇಟ್ಟರು. ಸಾಲದ್ದಕ್ಕೆ ಮನೆಗೆ ಅನ್ನೋದು ನಮ್ಮಲ್ಲಿ ಮನಗ, ಯಾಕೆ ಅನ್ನೋದು ಯಾಕ. ಮಾತಿನ ಕೊನೆಯಲ್ಲಿ ಎ ಇರಬೇಕಾದ ಜಾಗದಲ್ಲೂ ಅ ಹೋಗಿ ಕೂತಿದೆ.

ಹಾಗಾಗಿ ನಮ್ಮಲ್ಲಿ ಹಾಡೋದೂ ಆಡೋದೂ ಒಂದೇ. ಮೇಯೋ ಆಡೂ ಅದೇ. ಹತ್ತು ರೂಪಾಯಿ, ಮರ ಹತ್ತೋದು, ಬಿದ್ದು ಅತ್ತದ್ದು ಮೂರೂ ಅತ್ತು. ಮುದ್ದೆಗೆ ನಾವು ಹಿಟ್ಟು ಅಂತೀವಿ, ಅಂದರೆ ಇಟ್ಟು. 'ಇಟ್ಟು ಇಟ್ಟಿದೀನಿ, ಉಣ್ಣು' ಅಂತ ಅವ್ವ ಅಂದರೆ ಯಾವ ಮಗುವೂ ತಲೆ ಕೆರೆದುಕೊಳ್ಳೋದಿಲ್ಲ. ಇವೆಲ್ಲ ತಮಾಷೆಯ ಜೋಡಿಗಳು, ಯಾರು ಬೇಕಾದರೂ ಕೂತು ಪಟ್ಟಿ ಮಾಡಬಹುದು. ಇನ್ನು ಕೆಲವು ಜೋಡಿಗಳಿವೆ, ಅವನ್ನು ಕೇಳಿದಾಗ ನನಗೆ ನಗು ಬರೋದಿಲ್ಲ. ಅಡುಗೆಗೆ ಮೊದಲು ಒಲೆ ಮೇಲೆ ನೀರಿಡೋದಕ್ಕೆ ಎಸರಿಡೋದು ಅಂತಾರೆ. ಮಗುವಿಗೆ ಹೆಸರಿಡೋದೂ ನಮ್ಮಲ್ಲಿ ಎಸರಿಡೋದೇ. ಬಾಣಂತಿ ಮನೆ ಬಾಗಿಲಲ್ಲಿ ನಿಂತು ಪಕ್ಕದ ಮನೆಯವಳು 'ಎಸರಿಟ್ರಾ?' ಅಂದರೆ ಆಕೆ ಯಾವುದನ್ನು ಕೇಳಿದಳು ಅನ್ನೋದು ಕೇಳಿದ ಹೊತ್ತಿನ ಮೇಲೆ ನಿಂತಿರುತ್ತೆ. ಹಾಗೇ 'ಸಾಲ ಮಾಡ್ಕಂಡು ಆಳಾದ' ಅನ್ನೋ ಮಾತು. ಹಾಳಾದ ಅಂತಲೋ, ಸಾಲ ಕೊಟ್ಟವನ ಮನೆಗೆ ಜೀತದ ಆಳಾದ ಅಂತಲೋ? ಕೇಳಿದವರು ಯಾರೂ ಬಿಡಿಸಿ ಹೇಳು ಅನ್ನುತ್ತಿರಲಿಲ್ಲ. ನಮ್ಮ ತಾತನ ಕಾಲದಲ್ಲಿ ಬಹಳ ಮನೆಗಳಿಗೆ ಎರಡೂ ಒಂದೇ ಸುದ್ದಿಯಾಗಿತ್ತು.

ಇದನ್ನು ಉಚ್ಚಾರಣೆ ದೋಷ ಅಂತ ಕರೀತಾರೆ. ನಾಲಿಗೆ ಹೊರಳದವರು, ಹ ಬಾರದವರು ಅಂತ. ಸರಿ, ಆ ಹ ಎಲ್ಲಿಂದ ಬಂತು ಅಂತ ನೋಡೋಣ. ಹಾಲು, ಹೂವು, ಹತ್ತು, ಹುಲಿ ಇವು ಹಳಗನ್ನಡದಲ್ಲಿ ಪಾಲ್, ಪೂ, ಪತ್ತು, ಪುಲಿ. ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆಯುವಾಗ ಹಾಲು ಇನ್ನೂ ಪಾಲ್ ಆಗಿಯೇ ಇತ್ತು. ಮುಂದಿನ ಕೆಲವು ನೂರು ವರ್ಷಗಳಲ್ಲಿ ಪದದ ಮೊದಲಿನ ಪ ಸವೆದು ಹ ಆಯಿತು. ತುಟಿ ಮುಚ್ಚಿ ಬಿಟ್ಟರೆ ಪ. ತುಟಿ ಮುಚ್ಚೋ ಶ್ರಮ ಬಿಟ್ಟು ಬರೀ ಉಸಿರು ಹಾಯಿಸಿದರೆ ಹ. ಆ ಉಸಿರನ್ನೂ ಬಿಟ್ಟರೆ ನಮ್ಮಜ್ಜಿ. ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದರೆ ಟೀ ಅಂಗಡಿಯಲ್ಲಿ ಇವತ್ತೂ ಪಾಲ್. ಇತ್ತ ಮೈಸೂರಲ್ಲಿ ಹಾಲು. ನಡುವೆ ಕೂತ ನಾವು ಆಲು. ಪ ಬಿಟ್ಟು ಹ ಹಿಡಿದವರನ್ನು ಯಾರೂ ಪ ಬಾರದವರು ಅನ್ನಲಿಲ್ಲ, ಅದು ನಡುಗನ್ನಡ ಅನ್ನಿಸಿಕೊಂಡಿತು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವರು ಗಾಂಪರಾದರು. ವ್ಯತ್ಯಾಸ ನಾಲಿಗೆಯದ್ದಲ್ಲ. ಮೊದಲನೆಯವರ ಕೈಯಲ್ಲಿ ಆಸ್ಥಾನ ಇತ್ತು, ಶಾಸನ ಇತ್ತು, ಆಮೇಲೆ ಅಚ್ಚುಮೊಳೆಯೂ ಬಂತು.

ಇದನ್ನು ಬೆಟ್ಟದ ಮೇಲೆ ಹೋಗಿ ಹೇಳಿದರೆ ಇನ್ನೂ ಚೆನ್ನ. ಬೋರ್ಡಿನಲ್ಲಿ ಮಲೆ ಮಹದೇಶ್ವರ ಬೆಟ್ಟ ಅಂತಿದೆ. ಹರಕೆ ಹೊತ್ತು ನಡೆದು ಬಂದವರ ಬಾಯಲ್ಲಿ ಮಾದಪ್ಪ, ಮಾದೇಶ್ವರ. ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡೋದು ಆ ಮಾದೇಶ್ವರನ ಕಾವ್ಯವನ್ನೇ. ಮಹಾದೇವ ಸಂಸ್ಕೃತದ ದೇವರು, ಕಾಶಿಯಲ್ಲೂ ಇದ್ದಾನೆ. ಮಾದಪ್ಪ ಏಳುಮಲೆಯಲ್ಲಿ ಮಾತ್ರ ಇದ್ದಾನೆ. ನಡುವಿನ ಹ ಬಿದ್ದದ್ದರಿಂದ ನಮಗೊಬ್ಬ ದೇವರೇ ದಕ್ಕಿದ. ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ನಮ್ಮ ಮಾದೇವರೆಲ್ಲ ಮಹದೇವರು, ಮನೆಯಲ್ಲಿ ಆ ಹೆಸರಿಂದ ಕರೆದರೆ ತಿರುಗಿ ನೋಡೋರು ಕಮ್ಮಿ.

ನಾನು ಮೈಸೂರಿಗೆ ಓದೋಕೆ ಹೋದಾಗಿನ ಒಂದು ಸಂಗತಿ ಹೇಳಬೇಕು. ತರಗತಿಯಲ್ಲಿ ಎದ್ದು ನಿಂತು ಒಂದು ಗದ್ಯಭಾಗ ಓದಬೇಕಿತ್ತು. ಹಿಂದಿನ ರಾತ್ರಿ ಕೋಣೆಯಲ್ಲಿ ಹತ್ತು ಸಲ ಓದಿ ಹ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡಿದ್ದೆ. ಬೆಳಿಗ್ಗೆ ಓದಿದೆ. ಹಳ್ಳ, ಹೊಳೆ, ಹೊಲ ಎಲ್ಲ ಸರಿಯಾಗಿ ದಾಟಿದೆ. ಆಮೇಲೆ ಕಾಡಿನ ಅಂಚಿಗೆ ಒಂದು ಹಾನೆ ಬಂತು. ತರಗತಿ ನಕ್ಕಿತು. ನಾನೂ ನಕ್ಕೆ, ಬೇರೆ ಏನು ಮಾಡೋದು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎರಡೂ ಇರೋ ಜಿಲ್ಲೆಯವನು ನಾನು, ಆನೆಯನ್ನು ಅವರೆಲ್ಲರಿಗಿಂತ ಹತ್ತಿರದಿಂದ ನೋಡಿದವನು.

'ಆದರದ ಸ್ವಾಗತ' ಅನ್ನೋಕೆ ಹೋಗಿ 'ಹಾದರದ ಸ್ವಾಗತ' ಅಂದ ಭಾಷಣಕಾರನ ಜೋಕು ಎಲ್ಲರಿಗೂ ಗೊತ್ತು. ನಗೆಹಬ್ಬಗಳಲ್ಲಿ ಸವೆದು ಸವೆದು ಹೋಗಿದೆ. ಅದನ್ನು ಹೇಳೋರು ಅಜ್ಞಾನದ ಉದಾಹರಣೆ ಅಂತ ಹೇಳ್ತಾರೆ. ನನ್ನ ಲೆಕ್ಕದಲ್ಲಿ ಅದು ಹೆದರಿಕೆಯ ಉದಾಹರಣೆ. ನಮ್ಮಜ್ಜಿ ಬದುಕಿದ್ದಷ್ಟು ದಿನ ಒಂದು ಸಲವೂ ಹಾನೆ ಅನ್ನಲಿಲ್ಲ, ಹಾದರ ಆದರಗಳು ಅವಳಿಗೆ ಕಲಸಿಹೋಗಲಿಲ್ಲ. ಹ ಇಲ್ಲದ ಬಾಯಲ್ಲಿ ಈ ತಪ್ಪು ಹುಟ್ಟೋದೇ ಇಲ್ಲ. ಹ ಇಲ್ಲದ್ದಕ್ಕೆ ನಾಚಿಕೊಂಡ ಬಾಯಲ್ಲಿ ಮಾತ್ರ ಹುಟ್ಟುತ್ತೆ. ಒಮ್ಮೆ ಆ ನಾಚಿಕೆ ಹತ್ತಿತೋ, ನಮ್ಮ ಪ್ರತಿಯೊಂದು ಅ ಮೇಲೂ ನಮಗೇ ಅನುಮಾನ. ಕೇಳೋರಿಗೂ ಅನುಮಾನ. ಚಾಮರಾಜನಗರಕ್ಕೆ 1818ರಲ್ಲಿ ಈ ಹೆಸರು ಬರುವ ಮೊದಲು ಅರಿಕುಠಾರ ಅಂತ ಇತ್ತು. ಅರಿ ಅಂದರೆ ಶತ್ರು, ಕುಠಾರ ಅಂದರೆ ಕೊಡಲಿ. ಒಬ್ಬ ಉಪನ್ಯಾಸಕರು ಅದು ಮೂಲದಲ್ಲಿ 'ಹರಿಕುಠಾರ' ಇರಬೇಕು, ಈ ಕಡೆ ಜನ ಹ ನುಂಗಿರಬೇಕು ಅಂತ ವಿವರಿಸಿದ್ದನ್ನು ನಾನೇ ಕೇಳಿದ್ದೇನೆ. ಶುದ್ಧ ಸಂಸ್ಕೃತದ ಅಕಾರವೂ ನಮ್ಮೂರಿಗೆ ಬಂದರೆ ಕದ್ದ ಮಾಲು ಆಗುತ್ತೆ ನೋಡಿ.

ನನ್ನ ದೊಡ್ಡ ತಕರಾರು ಇರೋದು ಬರೆಯುವವರ ಜೊತೆ. ನಮ್ಮ ಕತೆ, ನಾಟಕ, ಸೀರಿಯಲ್ಲುಗಳಲ್ಲಿ ಒಂದು ವ್ಯವಸ್ಥೆ ಇದೆ. ನಿರೂಪಕನಿಗೆ ಪೂರ್ತಿ ಹ ಇರುತ್ತೆ. ನಾಯಕ ನಾಯಕಿಗೂ ಇರುತ್ತೆ. ಆಳಿಗೆ, ಪೆದ್ದನಿಗೆ, ಸಂತೆಯಲ್ಲಿ ಜಗಳಕ್ಕೆ ನಿಂತ ಹೆಂಗಸಿಗೆ ಇರೋದಿಲ್ಲ. ಅಂದರೆ ಅ ಇಲ್ಲಿ ಅಕ್ಷರವೇ ಅಲ್ಲ, ವೇಷ. ತಲೆಗೆ ಟವಲು ಸುತ್ತಿದ ಹಾಗೆ, ಹಲ್ಲಿಗೆ ಮಸಿ ಬಳಿದ ಹಾಗೆ. ಇದು ಸುಳ್ಳು ಅನ್ನೋದು ನಮ್ಮೂರಿಗೆ ಒಂದು ಸಲ ಬಂದು ಹೋದರೆ ತಿಳಿಯುತ್ತೆ. ಅಲ್ಲಿ ಜಮೀನ್ದಾರನೂ ಕುಡಿಯೋದು ಆಲು, ಅವನ ಕೊಟ್ಟಿಗೆಯಲ್ಲಿ ಕರೆಯೋ ಆಳೂ ಕುಡಿಯೋದು, ಸಿಕ್ಕಿದರೆ, ಆಲೇ. ಇವರಿಬ್ಬರ ನಡುವೆ ಸಾವಿರ ಅಂತರ ಇದೆ, ಈ ಅಕ್ಷರದಲ್ಲಿ ಇಲ್ಲ. ಸೀರಿಯಲ್ಲು ಮಾಡೋರು ಇಲ್ಲದ ಕಡೆ ಅಂತರ ಹುಟ್ಟಿಸಿ ಇರೋ ಅಂತರವನ್ನು ಮರೆಸ್ತಾರೆ. ಬರ್ನಾರ್ಡ್ ಷಾ 1913ರಷ್ಟು ಹಿಂದೆಯೇ ಪಿಗ್ಮೇಲಿಯನ್‌ನಲ್ಲಿ ಲಂಡನ್ನಿನ ಹೂ ಮಾರೋ ಹುಡುಗಿಯ ಬಿದ್ದುಹೋದ ಹ ಇಟ್ಟುಕೊಂಡೇ ನಾಟಕ ಕಟ್ಟಿದ. ಆದರೆ ಅಲ್ಲಿ ಅವಳಿಗೆ ಉಚ್ಚಾರಣೆ ಕಲಿಸುವ ಪಂಡಿತನನ್ನು ಷಾ ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ನಗುವವರನ್ನು ನೋಡಿ ನಗೋ ದೃಶ್ಯ ಇನ್ನೂ ಬರಬೇಕು.

ಇದರಲ್ಲಿ ಒಂದು ವಿಚಿತ್ರ ಇದೆ. ಕನ್ನಡ ಸಿನಿಮಾದಲ್ಲಿ ಸ್ಪಷ್ಟ ಉಚ್ಚಾರಣೆ ಅಂದ ತಕ್ಷಣ ಎಲ್ಲರೂ ಹೇಳೋ ಹೆಸರು ರಾಜಕುಮಾರ್. 1954ರ ಬೇಡರ ಕಣ್ಣಪ್ಪದಿಂದ ಹಿಡಿದು ಐವತ್ತು ವರ್ಷ ಕನ್ನಡಿಗರು ಹ ಅಂದರೆ ಹೇಗಿರಬೇಕು ಅಂತ ಆ ಗಂಟಲಿನಿಂದ ಕೇಳಿ ತಿಳಿದರು. ಅವರ ಗಾಜನೂರು ಇರೋದು ತಾಳವಾಡಿ ಕಡೆ. ರಾಜ್ಯ ತಮಿಳುನಾಡು, ಆದರೆ ಸಂತೆಗೆ ಆಸ್ಪತ್ರೆಗೆ ಚಾಮರಾಜನಗರಕ್ಕೆ ಬರೋ ಸೀಮೆ ಅದು, ಮಾತೂ ನಮ್ಮದೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ಮಗ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಮೈಕು ಸರಿಯಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಮಾತು ಮುಟ್ಟಿಸಬೇಕಾಗಿದ್ದ ಕಂಪನಿ ನಾಟಕದ ಗಂಟಲು ಅದು. ಹ ಅಲ್ಲಿ ಕಸುಬಿನ ಸಾಮಾನು, ಕಲಿತು ಬಳಸೋದು. ಒಂದೇ ಸೀಮೆ ಕನ್ನಡ ತೆರೆಗೆ ಅದರ ಮಾದರಿ ಉಚ್ಚಾರವನ್ನೂ ಕೊಟ್ಟಿತು, ಅದೇ ತೆರೆ ಆ ಸೀಮೆಯ ಮಾತನ್ನು ನಗೋಕೆ ಇಟ್ಟುಕೊಂಡಿತು.

ಈ ವ್ಯವಸ್ಥೆಯನ್ನು ಮುರಿದ ಪುಸ್ತಕ ಅಂದರೆ ಕುಸುಮಬಾಲೆ. ದೇವನೂರ ಮಹಾದೇವ ನಂಜನಗೂಡು ತಾಲ್ಲೂಕಿನ ದೇವನೂರಿನವರು, ನಮಗೆ ಪಕ್ಕದ ಸೀಮೆ. 1973ರ ಮೊದಲ ಕಥಾಸಂಕಲನಕ್ಕೇ ಅವರು ದ್ಯಾವನೂರು ಅಂತ ಹೆಸರಿಟ್ಟರು, ಊರವರ ಬಾಯಲ್ಲಿ ಇರೋ ಹಾಗೆ. 1984ರಲ್ಲಿ ಬಂದ ಕುಸುಮಬಾಲೆಯಲ್ಲಿ ಆ ಬಾಯಿ ಪಾತ್ರಗಳ ಸಂಭಾಷಣೆಯನ್ನು ದಾಟಿ ಕತೆ ಹೇಳೋ ದನಿಯೇ ಆಯಿತು. ಇದು ಸಣ್ಣ ವಿಷಯ ಅಲ್ಲ. ಸಂಭಾಷಣೆಯಲ್ಲಿ ಮಾತ್ರ ಆಡುಮಾತು ಇದ್ದರೆ ಲೇಖಕ ದಡದಲ್ಲಿ ನಿಂತು 'ಇವರು ಹೀಗೆ ಮಾತಾಡ್ತಾರೆ' ಅಂತ ತೋರಿಸಿದ ಹಾಗೆ. ನಿರೂಪಣೆಯೂ ಅದೇ ಆದಾಗ ದಡವೇ ಇಲ್ಲ, ಓದೋನೂ ನೀರಿಗೆ ಇಳಿಯಬೇಕು. ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅನ್ನೋ ಕುಹಕ ಆಗ ಹುಟ್ಟಿಕೊಂಡಿತು, ಇವತ್ತೂ ಚಲಾವಣೆಯಲ್ಲಿದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಮೇಲೂ ಅದು ನಿಂತಿಲ್ಲ.

ನಾನು ಮೊದಲ ಸಲ ಓದಿದಾಗ ನನಗೂ ಕಷ್ಟವಾಯಿತು ಅಂತ ಒಪ್ಪಿಕೊಳ್ತೀನಿ. ನಮ್ಮದೇ ಮಾತು, ಆದರೆ ಕಣ್ಣಿಗೆ ಗುರುತು ಸಿಗಲಿಲ್ಲ. ಕಣ್ಣು ಮೈಸೂರಲ್ಲಿ ಕಲಿತದ್ದು, ಕಿವಿ ಚಂದಕವಾಡಿಯದು. ಊರಿಗೆ ಹೋದಾಗ ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದೆ. ನಮ್ಮವ್ವ ಅವರೆಕಾಯಿ ಬಿಡಿಸ್ತಾ ಕೇಳ್ತಿದ್ದಳು. ಎರಡು ಪುಟ ಆದಮೇಲೆ 'ಇದ್ಯಾರ್ಲಾ ಬರ್ದೋರು, ನಮ್ ಪೈಕಿಯೋರಾ?' ಅಂದಳು. ಪುಸ್ತಕ ಅಂದರೆ ಬೇರೆಯವರ ಮಾತು ಅಂತಲೇ ಅಲ್ಲಿವರೆಗೆ ಅವಳು ತಿಳಿದಿದ್ದಳು. ವಿಮರ್ಶಕರು ಕುಸುಮಬಾಲೆಯನ್ನು ಕಠಿಣ ಕೃತಿ ಅಂತಾರೆ. ಯಾರಿಗೆ ಅಂತ ಸೇರಿಸೋದಿಲ್ಲ.

ಆಮೇಲೆ ಬಂದ ಅನೇಕರು ಆ ದಾರಿಯಲ್ಲಿ ಸುಲಭದ್ದನ್ನು ಮಾತ್ರ ಎತ್ತಿಕೊಂಡರು. ಹ ತೆಗೆದು ಅ ಹಾಕಿದರೆ, 'ಕನಾ' 'ಕನ್ಲಾ' ಉದುರಿಸಿದರೆ ಮಣ್ಣಿನ ವಾಸನೆ ಬಂತು ಅನ್ನೋ ನಂಬಿಕೆ. ಅಂಥ ಕತೆಗಳಲ್ಲಿ ಹ ಕಾಣೆಯಾಗಿರುತ್ತೆ, ಹ ಇಲ್ಲದವರ ಲೋಕವೂ ಕಾಣೆಯಾಗಿರುತ್ತೆ.

ಇನ್ನೊಂದು ದಿಕ್ಕಿನಿಂದ ಬಂದ ವಾದ ಡಿ.ಎನ್. ಶಂಕರ ಭಟ್ಟರದು. ಕನ್ನಡಿಗರ ಉಲಿಯಲ್ಲಿ ಇಲ್ಲದ ಮಹಾಪ್ರಾಣಗಳು, ಋ, ಷ ನಮ್ಮ ಬರವಣಿಗೆಗೆ ಯಾಕೆ ಬೇಕು, ಅವು ಓದು ಬಾರದ ಮನೆಯ ಮಕ್ಕಳಿಗೆ ಹೊರೆ ಅಂತ ಅವರು ಕೇಳಿದರು. ಕೇಳಿದ ಧೈರ್ಯಕ್ಕೆ ನಾನು ಋಣಿ. ಋಣಿ ಅಂತ ಋ ಹಾಕಿ ಬರೆದದ್ದನ್ನು ಅವರ ಶಿಷ್ಯರು ಕ್ಷಮಿಸಲಿ. ಆದರೆ ಆ ತಿದ್ದುಪಡಿಯಲ್ಲಿ ಹ ಉಳಿಯಿತು. ಕನ್ನಡ ಬರಹವನ್ನು ಸರಿಪಡಿಸೋಣ ಅನ್ನೋ ಪುಸ್ತಕದ ಹೆಸರಲ್ಲೇ ಒಂದು ಹ ಆರಾಮಾಗಿ ಕೂತಿದೆ. ಬಾಯಲ್ಲಿ ಇಲ್ಲದ್ದು ಬರಹದಲ್ಲಿ ಬೇಡ ಅನ್ನೋದೇ ಸೂತ್ರವಾದರೆ ಚಂದಕವಾಡಿಯ ಮಟ್ಟಿಗೆ ಹ ಕೂಡ ಹೋಗಬೇಕು. ಅದು ಹೋಗೋದಿಲ್ಲ, ಯಾಕಂದರೆ ಧಾರವಾಡದ ಬಾಯಲ್ಲಿ ಇದೆ. ಎಲ್ಲರ ಕನ್ನಡ ಅಂದಾಗ ಆ ಎಲ್ಲರಲ್ಲಿ ಯಾರ ಬಾಯಿಯನ್ನು ಅಳತೆಗೆ ಇಟ್ಟುಕೊಂಡರು ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಹ ತೆಗೀರಿ ಅಂತ ನಾನು ಕೇಳ್ತಿಲ್ಲ. ಬರಹದಲ್ಲಿ ಇರಲಿ. ಹಕ್ಕಿ ಅಂತ ಬರೆದರೆ ಧಾರವಾಡದವನು ಉಸಿರು ಹಾಕಿ ಓದಲಿ, ನಮ್ಮವನು ಉಸಿರು ಬಿಟ್ಟು ಓದಲಿ. ಫ್ರೆಂಚರು ನೂರಾರು ವರ್ಷದಿಂದ ಹಕಾರ ಬರೆದು ಬಾಯಲ್ಲಿ ನುಂಗ್ತಿದ್ದಾರೆ, ಅವರನ್ನು ಯಾರೂ ನಾಲಿಗೆ ಹೊರಳದವರು ಅನ್ನೋದಿಲ್ಲ. ನಮ್ಮ ಮಕ್ಕಳಿಗೆ ಬರೆಯೋದಕ್ಕೊಂದು ಆಡೋದಕ್ಕೊಂದು ಎರಡು ಲೆಕ್ಕ ಇಟ್ಟುಕೊಳ್ಳೋದು ಕಷ್ಟವಾಗುತ್ತೆ ಅನ್ನೋರಿಗೆ ನಮ್ಮ ಪ್ರೈಮರಿ ಶಾಲೆಯ ಉಕ್ತಲೇಖನದ ಒಂದು ದಿನ ಹೇಳ್ತೀನಿ.

ಮೇಷ್ಟ್ರೂ ನಮ್ಮ ಕಡೆಯವರೇ. ಬೆಂಚಿನ ನಡುವೆ ಓಡಾಡ್ತಾ 'ಅಕ್ಕಿ' ಅಂದರು. ಯಾರೂ ಸ್ಲೇಟಿನ ಮೇಲೆ ಬಳಪ ಇಡಲಿಲ್ಲ.

'ಯಾವಕ್ಕಿ ಸಾ?' ಅಂದ ಮುಂದೆ ಕೂತಿದ್ದವನು.

'ಆರೋ ಅಕ್ಕಿ ಕನ್ಲಾ.'

'ಎಲ್ಡೂ ಆರ್ತಾವ ಸಾ.'

ಮೇಷ್ಟ್ರು ನಿಂತು ಒಂದು ಗಳಿಗೆ ಯೋಚನೆ ಮಾಡಿದರು. ಕಿಟಕಿಯಾಚೆ ನೋಡಿದರು. 'ತಿನ್ನೋದಲ್ಲ ಕನ್ರಲಾ, ತಿನ್ನಕ್ ಬರೋದು' ಅಂದರು. ಇಡೀ ತರಗತಿ ಬಗ್ಗಿ ಹ ಹಾಕಿ ಬರೆಯಿತು.